ಅಡಿಟಿಪ್ಪಣಿ ಮೂವತ್ತೊಂದು

ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ, ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಒಬ್ಬರು ಮೇಡಂ ಇದ್ದರು. ಇಪ್ಪತ್ತೇಳು ವರ್ಷದಿಂದ ಅದೇ ಕೋಣೆ, ಅದೇ ಕುರ್ಚಿ. ಕುರ್ಚಿಯ ಒಂದು ಚಕ್ರ ಯಾವಾಗಲೋ ಕಳಚಿಹೋಗಿ, ಅದರ ಜಾಗಕ್ಕೆ ಹಳೆಯ ಒಪ್ಪಂದಗಳ ದಪ್ಪ ಸಂಪುಟವೊಂದನ್ನು ಒತ್ತುಕೊಟ್ಟಿದ್ದರು. "ಅಂತೂ ಈ ಒಪ್ಪಂದ ಯಾರದೋ ಒಬ್ಬರ ಭಾರ ಹೊತ್ತಿತಪ್ಪ" ಎಂದು ಅವರೇ ನಗುತ್ತಿದ್ದರು.

ಅವರ ಕೆಲಸ ಏನೆಂದು ನಾಲ್ಕು ಮಾತಿನಲ್ಲಿ ಹೇಳುವುದು ಕಷ್ಟ. ದೇಶದೇಶಗಳ ನಡುವಿನ ವ್ಯಾಪಾರದ ಕಾನೂನು. ಅದರಲ್ಲೂ ನೀರು, ಕಾಡು, ಮೀನು ಇವನ್ನೆಲ್ಲ ಮುಂದೆ ಹುಟ್ಟುವವರಿಗೂ ಉಳಿಸಿಕೊಂಡು ವ್ಯಾಪಾರ ಮಾಡುವುದು ಹೇಗೆ ಎಂಬ ಭಾಗ. ಮದುವೆಯಾದ ಹೊಸದರಲ್ಲಿ ಅತ್ತೆ ಕೇಳಿದ್ದರು, "ಅಲ್ಲಮ್ಮಾ, ನಿನ್ನ ಮೀನು ನನ್ನ ಅಂಗಡಿಗೆ ಬೇಡ ಅಂತ ಹೇಳೋಕೆ ಇಷ್ಟು ಪುಸ್ತಕ ಬೇಕಾ?"

"ಬೇಡ ಅನ್ನಬಹುದು ಅತ್ತೆ. ಆದರೆ ಸಮುದ್ರ ಉಳೀಲಿ ಅಂತ ಬೇಡ ಅಂತಿದೀರೋ, ಪಕ್ಕದೂರಿನವನ ಹೊಟ್ಟೆ ಮೇಲೆ ಹೊಡೆಯೋಕೆ ಬೇಡ ಅಂತಿದೀರೋ, ಅದನ್ನ ತೋರಿಸಬೇಕು."

"ಅದು ದೇವರಿಗೊಬ್ಬನಿಗೇ ಗೊತ್ತು."

"ದೇವರು ಸಾಕ್ಷಿ ಹೇಳೋಕೆ ಬರಲ್ವಲ್ಲ, ಅದಕ್ಕೇ ಇಷ್ಟು ಪುಸ್ತಕ."

ಅತ್ತೆಗೆ ಆ ಉತ್ತರ ಹಿಡಿಸಿತ್ತು. ಅಂದಿನಿಂದ ದಿನಾ ಸಂಜೆ ಸೊಸೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ, "ನಿನ್ನ ಮೀನು ಎಲ್ಲಿವರೆಗೆ ಬಂತು?" ಎಂದು ಕೇಳುವುದು ರೂಢಿಯಾಯಿತು. ಗಂಡ ಹಡಗಿನ ಎಂಜಿನಿಯರು, ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬರ ಕೆಮ್ಮು ಒಬ್ಬರು ಎಣಿಸಿಕೊಂಡು ಕಾಲ ಸಾಗುತ್ತಿತ್ತು.

ವಿದ್ಯಾರ್ಥಿಗಳು ಮೇಡಂಗೆ ಇಟ್ಟ ಹೆಸರು 'ಮೂಲ ಮೇಡಂ'. ಯಾರು ಏನು ಬರೆದು ತಂದರೂ ಅವರು ಮೊದಲು ಕಾಗದವನ್ನು ತಿರುಗಿಸಿ ಅಡಿಯಲ್ಲಿನ ಸಣ್ಣಕ್ಷರ ಓದುವರು. "ಈ ಮಾತು ಎಲ್ಲಿಂದ ತಂದೆ? ಇನ್ನೊಬ್ಬರ ಪುಸ್ತಕದಿಂದಲೋ? ಮೂಲ ನೋಡಿದ್ಯಾ?" ನೋಡಿಲ್ಲವೆಂದರೆ ಕಾಗದ ವಾಪಸು. ಹೊಸದಾಗಿ ಸೇರಿದ ಒಬ್ಬ ಹುಡುಗ ಆ ಹೆಸರು ಕೇಳಿ, "ಪಾಪ, ಕೂರೋಕೆ ತೊಂದರೆನಾ ಅವರಿಗೆ?" ಎಂದು ವಿಚಾರಿಸಿದ್ದನಂತೆ. ಅದು ಮೇಡಂ ಕಿವಿಗೂ ಬಿದ್ದು, ಆ ವಾರವೆಲ್ಲ ಅವರು ಪಾಠ ಮಾಡುವಾಗ ಬೇಕೆಂದೇ ನಿಂತುಕೊಂಡಿದ್ದರು.

ಆದರೆ ಈಚೆಗೆ ನಗು ಕಡಿಮೆಯಾಗಿ ಸುಸ್ತು ಹೆಚ್ಚಿತ್ತು. ಮಲಗಿ ಎದ್ದರೆ ಹೋಗುವ ಸುಸ್ತಲ್ಲ ಅದು. ಎದ್ದು ಮುಖ ತೊಳೆಯುವಾಗ ಕನ್ನಡಿಯೊಳಗೆ ಮೊದಲೇ ಬಂದು ಕಾದಿರುತ್ತಿತ್ತು. ವರ್ಷ ವರ್ಷ ಸಮುದ್ರದಲ್ಲಿ ಮೀನು ಕಡಿಮೆಯಾಗುತ್ತ ಬಂತು, ಮೀನಿನ ಬಗ್ಗೆ ಬರೆದ ಕಾಗದ ಹೆಚ್ಚುತ್ತ ಬಂತು. ಸಭೆಗಳಲ್ಲಿ ಒಂದೇ ವಾಕ್ಯದ ಒಂದೇ ಅಲ್ಪವಿರಾಮಕ್ಕೆ ಮಧ್ಯಾಹ್ನವಿಡೀ ಹೋಗುತ್ತಿತ್ತು. ಮೇಡಂ ಎದುರಿನ ಗೋಡೆಯ ಮೇಲಿದ್ದ ಗುರುಗಳ ಪಟವನ್ನು ನೋಡುತ್ತ ಕೂರುವರು. ಈ ವಿದ್ಯೆಗೆ ಅವರನ್ನು ಕೈಹಿಡಿದು ತಂದವರು ಆ ಗುರುಗಳೇ. ತೀರಿಕೊಂಡು ಒಂಬತ್ತು ವರ್ಷ. 'ನೀವು ದಣಿದಿದ್ದನ್ನ ನಾನು ಒಂದು ದಿನವೂ ನೋಡಲಿಲ್ಲವಲ್ಲ' ಎಂದು ಮನಸ್ಸಿನಲ್ಲೇ ಕೇಳುವರು.

ಅಂಥದೊಂದು ಸೋಮವಾರ ಸರ್ಕಾರದ ವ್ಯಾಪಾರ ಇಲಾಖೆಯ ವಕೀಲರ ಫೋನು ಬಂತು.

ವಿಷಯ ಹೀಗಿತ್ತು. ದೊಡ್ಡದೊಂದು ದೇಶ, ಅಗಲ ಕಣ್ಣಿನ ಬಲೆಯಲ್ಲಿ ಹಿಡಿದ ಮೀನನ್ನು ಮಾತ್ರ ಕೊಳ್ಳುತ್ತೇನೆ ಎಂದು ಪಟ್ಟು ಹಿಡಿದಿತ್ತು. ಕಣ್ಣು ಅಗಲವಿದ್ದರೆ ಮರಿಮೀನು ತಪ್ಪಿಸಿಕೊಂಡು ಬದುಕುತ್ತದೆ; ನ್ಯಾಯವಾದ ಮಾತೇ. ಆದರೆ ಸಣ್ಣ ದೋಣಿಯವರು ರಾತ್ರಿ ಬೆಳಗಾಗುವುದರಲ್ಲಿ ಬಲೆ ಬದಲಿಸುವುದು ಎಲ್ಲಿಂದ? ಅವರ ಪರವಾಗಿ ಮೇಡಂರ ದೇಶ ವ್ಯಾಜ್ಯ ಹೂಡಿತ್ತು. ಬಲೆಯ ಬಗ್ಗೆ ನಲವತ್ತು ವರ್ಷದ ಹಿಂದೆ ಎರಡೂ ಕಡೆಯವರು ಸೇರಿ ಒಂದು ಸಮಿತಿ ಮಾಡಿದ್ದರು. ಆ ಸಮಿತಿ ಸಣ್ಣ ದೋಣಿಗಳಿಗೆ ವಿನಾಯಿತಿ ಒಪ್ಪಿತ್ತು ಎಂದು ಮೇಡಂ ಹತ್ತೊಂಬತ್ತು ವರ್ಷದ ಹಿಂದೆ ತಮ್ಮ ಒಂದು ಲೇಖನದಲ್ಲಿ ಬರೆದಿದ್ದರು. ಅದೇ ಅಡಿಟಿಪ್ಪಣಿ ಮೂವತ್ತೊಂದು: ಸಮಿತಿಯ ವರದಿ, ಕಂಡಿಕೆ ನಲವತ್ತೇಳು.

"ಮೇಡಂ, ಆ ಟಿಪ್ಪಣಿಯೇ ನಮ್ಮ ಬೆನ್ನೆಲುಬು," ಎಂದರು ವಕೀಲರು. "ಶುಕ್ರವಾರದೊಳಗೆ ಪರಿಣತರು ಅಂತ ನಿಮ್ಮದೊಂದು ಹೇಳಿಕೆ ಬೇಕು. ಜೊತೆಗೆ ವರದಿಯ ಮೂಲ ಪ್ರತಿ ಒಂದನ್ನ ಲಗತ್ತಿಸಿಬಿಡಿ. ಅಷ್ಟೇ."

ಅಷ್ಟೇ. ಮೇಡಂ ಗ್ರಂಥಾಲಯಕ್ಕೆ ಚೀಟಿ ಬರೆದು ಕಳಿಸಿದರು.

ಬುಧವಾರ ಮಧ್ಯಾಹ್ನ ಗ್ರಂಥಪಾಲರು ಹೇಳಿಕಳಿಸಿದರು. ನೆಲಮಾಳಿಗೆಯ ಓದುವ ಕೋಣೆಯ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಗ್ರಂಥಪಾಲರ ತೋಳಿನ ತುಂಬ ಧೂಳು.

"ಅದೃಷ್ಟ ನಿಮ್ಮದು ಮೇಡಂ. ಮುಂದಿನ ತಿಂಗಳು ಇದು ರದ್ದಿಗೆ ಹೋಗೋದಿತ್ತು. ಬೇರೆಲ್ಲೂ ಪ್ರತಿ ಇರೋ ಹಾಗೆ ಕಾಣಲ್ಲ, ನಾನು ಎಲ್ಲ ಕಡೆ ವಿಚಾರಿಸಿದೆ."

"ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ವಾ ಇದನ್ನ?"

"ಹೊರಗೆ ಕೊಟ್ಟ ಚೀಟಿ ನೋಡಿ, ಖಾಲಿ. ನೀವೇ ಮೊದಲನೆಯವರು," ಎಂದು ಹೇಳಿ ಗ್ರಂಥಪಾಲರು ಕೈ ತೊಳೆಯಲು ಹೋದರು.

ಆ ಮಾತು ಮೇಡಂಗೆ ಎಲ್ಲೋ ಚುರುಕ್ಕೆಂದಿತು, ಆದರೆ ಯಾಕೆಂದು ತಕ್ಷಣ ತಿಳಿಯಲಿಲ್ಲ. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ. ಅವರು ಬೆರಳು ಒದ್ದೆ ಮಾಡಿಕೊಂಡು ಕಂಡಿಕೆ ನಲವತ್ತೇಳಕ್ಕೆ ಬಂದರು.

'ಸಣ್ಣ ದೋಣಿಗಳಿಗೆ ವಿನಾಯಿತಿ ನೀಡಬೇಕೆಂಬ ಸಲಹೆಯನ್ನು ಕೆಲವು ಸದಸ್ಯರು ಮುಂದಿಟ್ಟರು. ಈ ಬಗ್ಗೆ ಸಮಿತಿಯು ಒಮ್ಮತಕ್ಕೆ ಬರಲಿಲ್ಲ.'

ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮೂರನೆಯ ಸಲ ಓದಿದರು. ಗಾಜಿನ ಮೇಲಿನ ಧೂಳು ಹೋಯಿತು, ವಾಕ್ಯ ಹಾಗೇ ಉಳಿಯಿತು.

ಆಗ ನೆನಪಾಯಿತು. ಹತ್ತೊಂಬತ್ತು ವರ್ಷದ ಹಿಂದೆ ಆ ಲೇಖನ ಬರೆಯುವಾಗ ಮೇಜಿನ ಮೇಲೆ ವರದಿ ಇರಲಿಲ್ಲ, ಗುರುಗಳ ಪುಸ್ತಕ ಇತ್ತು. ಸಮಿತಿ ವಿನಾಯಿತಿ ಒಪ್ಪಿತೆಂದು ಗುರುಗಳು ಬರೆದಿದ್ದರು, ಅಡಿಯಲ್ಲಿ ಕಂಡಿಕೆಯ ಸಂಖ್ಯೆ ಕೊಟ್ಟಿದ್ದರು. ಸಾಲನ್ನೂ ಸಂಖ್ಯೆಯನ್ನೂ ಮೇಡಂ ಹಾಗೆಯೇ ಎತ್ತಿ ತಮ್ಮ ಲೇಖನದಲ್ಲಿ ಕೂರಿಸಿದ್ದರು, ತಾವೇ ಹೋಗಿ ನೋಡಿಬಂದವರ ಹಾಗೆ. ಗುರುಗಳು ನೋಡಿದ್ದಾರಲ್ಲ, ಇನ್ನು ನಾನು ನೋಡುವುದೇನು ಎಂದು. ಗುರುಗಳು ನೋಡಿದ್ದು ಯಾವುದೋ ಕರಡು ಪ್ರತಿಯೋ, ಯಾರೋ ಹೇಳಿದ ಮಾತೋ, ಇನ್ನು ಕೇಳುವುದು ಯಾರನ್ನು? ಮೇಡಂರನ್ನು ನಂಬಿ ಅರವತ್ತೆರಡು ಜನ ಆ ಮಾತನ್ನು ತಮ್ಮ ತಮ್ಮ ಬರಹಗಳಿಗೆ ಹೊತ್ತುಕೊಂಡು ಹೋಗಿದ್ದರು. ಅವರಲ್ಲಿ ಒಬ್ಬರೂ ಈ ಪೆಟ್ಟಿಗೆ ತೆರೆದಿರಲಿಲ್ಲ.

ಮೇಡಂ ಆ ಸಂಜೆ ಮನೆಗೆ ನಡೆದೇ ಹೋದರು. ಬಸ್ಸು ಪಕ್ಕದಲ್ಲೇ ನಿಂತಿತು, ಹತ್ತಬೇಕೆನಿಸಲಿಲ್ಲ.

"ನಿನ್ನ ಮೀನು ಎಲ್ಲಿವರೆಗೆ ಬಂತು?" ಅತ್ತೆ ಪ್ರಾರ್ಥನೆ ಮುಗಿಸಿ ಕಿಟಕಿಯ ಬಳಿ ಕುಳಿತು ಹಳೆಯ ದಿಂಬಿನ ಹೊಲಿಗೆ ಬಿಚ್ಚುತ್ತಿದ್ದರು.

"ಕೊಳೀತು ಅತ್ತೆ."

ಅತ್ತೆ ಕತ್ತರಿ ಕೆಳಗಿಟ್ಟರು. ಸೊಸೆ ಎಲ್ಲವನ್ನೂ ಹೇಳಿದಳು. ಪೆಟ್ಟಿಗೆ, ಕಂಡಿಕೆ, ಗುರುಗಳು, ಅರವತ್ತೆರಡು ಜನ. ಕೊನೆಗೆ, "ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ. ಪೆಟ್ಟಿಗೆ ರದ್ದಿಗೆ ಹೋಗತ್ತೆ. ದೋಣಿಯವರಿಗೆ ಒಳ್ಳೇದೇ ಆಗತ್ತೆ. ಬಾಯಿ ಬಿಟ್ಟರೆ ಅವರ ಕೈಲಿರೋ ಹುಲ್ಲುಕಡ್ಡಿನೂ ಕಿತ್ಕೊಂಡ ಹಾಗೆ. ಮೇಲೆ ಗುರುಗಳ ಹೆಸರಿಗೆ ಮಸಿ" ಎಂದಳು.

ಅತ್ತೆ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡರು. ವಿಷಯ ಬಿಟ್ಟರೇನೋ ಎಂಬಂತೆ, "ನಾನು ಶಾಲೆ ಮಕ್ಕಳ ಅಂಗಿ ಹೊಲೀತಿದ್ದೆ ಗೊತ್ತಲ್ಲ" ಎಂದರು.

"ಗೊತ್ತು ಅತ್ತೆ. ಊರಿಗೆಲ್ಲ ನೀವೇ."

"ಊರಿಗೆಲ್ಲ ನಾನೇ. ಹೊಲಿಗೆ ಕಲಿಸಿದ ಟೀಚರಮ್ಮ ಒಂದು ಕಾಗದದ ಅಚ್ಚು ಕೊಟ್ಟಿದ್ದರು. ಬಟ್ಟೆ ಮೇಲೆ ಇಟ್ಟು ಗೆರೆ ಎಳೆಯೋದು, ಕತ್ತರಿಸೋದು. ದೇವರ ಪ್ರಸಾದದ ಹಾಗೆ ಇಟ್ಕೊಂಡಿದ್ದೆ. ಹನ್ನೊಂದು ವರ್ಷ ಕಳೀತು. ನಿನ್ನ ಗಂಡನ್ನ ಶಾಲೆಗೆ ಸೇರಿಸೋವಾಗ ಅವನಿಗೂ ಒಂದು ಹೊಲಿದೆ. ಹಾಕಿ ನಿಲ್ಲಿಸಿದರೆ, ಎಡಗೈ ಉದ್ದ! ನನ್ನ ಮಗ ಸೊಟ್ಟ ಅಂತ ಎದೆ ಒಡೀತು. ಅಳತೆ ಟೇಪು ತಂದು ಎರಡು ಕೈಯನ್ನೂ ಅಳೆದೆ. ಕೈ ಸರಿಯಾಗೇ ಇತ್ತು. ಅಂಗಿಯ ಎಡತೋಳು ಅರ್ಧ ಇಂಚು ಗಿಡ್ಡ. ಅಚ್ಚೇ ಹಾಗಿತ್ತು."

"ಹನ್ನೊಂದು ವರ್ಷ ಯಾರೂ ಹೇಳಲಿಲ್ವಾ?"

"ಹೇಳೋದೇನು? ಪ್ರತಿ ತಾಯಿಗೂ ತನ್ನ ಮಗೂದೇ ಕೈ ಉದ್ದ ಅನ್ನೋ ಸಂಕಟ. ಮುಚ್ಚಿಟ್ಕೊಂಡಿದ್ದರು. ಒಬ್ಬಳಂತೂ ಎಣ್ಣೆ ತಿಕ್ಕಿ ತಿಕ್ಕಿ ಬಲಗೈ ಎಳೀತಿದ್ದಳು."

ಮೇಡಂಗೆ ಆ ದಣಿವಿನಲ್ಲೂ ನಗು ಬಂತು. ಬಂದ ನಗುವಿಗೆ ಕಣ್ಣಲ್ಲಿ ನೀರೂ ಬಂತು. "ಆಮೇಲೆ ಏನು ಮಾಡಿದಿರಿ?"

"ಅಂಗಡಿ ಬಾಗಿಲ ಮೇಲೆ ಬರೆದು ಹಾಕಿದೆ. ಎಡತೋಳು ಗಿಡ್ಡ ಆಗಿದೆ, ತಂದರೆ ಸರಿ ಮಾಡಿಕೊಡ್ತೀನಿ ಅಂತ. ಮೂರು ಜನ ಬಂದರು."

"ಮೂರೇ?"

"ಮೂರೇ. ಉಳಿದವರು ಬಲತೋಳು ಮಡಚಿಕೊಂಡೇ ಹಾಕಿಕೊಂಡರು. ಅದು ಅವರ ಪಾಡು. ಬರೆದು ಹಾಕೋದು ನನ್ನ ಪಾಲಿಂದು."

"ಅಚ್ಚು ಕೊಟ್ಟ ಟೀಚರಮ್ಮನ ಹೆಸರು ಬರೆದಿರಾ?"

ಅತ್ತೆ ಸೊಸೆಯ ಮುಖವನ್ನೇ ನೋಡಿದರು. "ಅಳತೆ ಟೇಪು ಹನ್ನೊಂದು ವರ್ಷವೂ ನನ್ನ ಕೊರಳಲ್ಲೇ ನೇತಾಡ್ತಿತ್ತಲ್ಲ ತಾಯಿ. ಅವರ ಹೆಸರು ಯಾಕೆ ಬರೀಲಿ?"

ಮಾರನೆಯ ದಿನ ಬೆಳಿಗ್ಗೆ ಮೇಡಂ ವಕೀಲರಿಗೆ ತಾವೇ ಫೋನು ಮಾಡಿದರು. ವಕೀಲರು ಕೇಳಿಕೊಂಡು, ಒಂದು ಗುಟುಕು ಏನನ್ನೋ ಕುಡಿದು, ಬಹಳ ವಿನಯದಿಂದ ಹೇಳಿದರು:

"ಸರಿ, ಹಾಗಾದರೆ ವರದಿ ಲಗತ್ತಿಸೋದು ಬೇಡ. ನಿಮ್ಮ ಲೇಖನವನ್ನೇ ಲಗತ್ತಿಸೋಣ. ಅರವತ್ತೆರಡು ಜನ ಒಪ್ಪಿದಾರೆ."

"ಅವರು ಒಪ್ಪಿದ್ದು ನನ್ನನ್ನ ನೋಡಿ. ನಾನು ಏನನ್ನೂ ನೋಡಿರಲಿಲ್ಲ."

"ಮೇಡಂ, ನಾವೇನು ಕಳ್ಳರ ಪರವಾಗಿ ವಾದಿಸ್ತಿದೀವಾ? ಬಡವರ ದೋಣಿ. ಒಳ್ಳೇದಕ್ಕೆ ತಾನೇ?"

ಅದೇ ಮಾತನ್ನು ಮೇಡಂ ಹಿಂದಿನ ದಿನ ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡು ಬಂದಿದ್ದರು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ತೊಳೆಯದ ಲೋಟದ ಹಾಗೆ ಕಂಡಿತು. "ಒಳ್ಳೇದಕ್ಕೇ ಸರ್. ಅದಕ್ಕೇ ಸುಳ್ಳಿನ ಮೇಲೆ ನಿಲ್ಲಿಸೋದು ಬೇಡ. ವರದಿಯ ಕೊನೆಗೆ ಒಂದು ಅನುಬಂಧ ಇದೆ. ಇನ್ನೂರ ಹದಿನಾಲ್ಕು ದೋಣಿಯವರು ಕಾಲಾವಕಾಶ ಕೊಡಿ ಅಂತ ಬರೆದ ಕೋರಿಕೆ ಪತ್ರ. ಅದನ್ನ ಬಳಸಿ. ಅದಕ್ಕೆ ಬೇಕಾದರೆ ಇವತ್ತೇ ಹೇಳಿಕೆ ಬರೆದುಕೊಡ್ತೀನಿ."

"ಸಮಿತಿ ಉತ್ತರ ಕೊಟ್ಟಿದೆಯಾ?"

"ಇಲ್ಲ."

"ಕೋರಿಕೆ ಕಾನೂನಲ್ಲ ಮೇಡಂ," ಎಂದರು ವಕೀಲರು, ಈ ಸಲ ವಿನಯವಿಲ್ಲದೆ. "ಬಿಡಿ, ನಾವು ಬೇರೆ ದಾರಿ ನೋಡ್ಕೋತೀವಿ."

ಫೋನು ಇಟ್ಟ ಮೇಲೆ ಇನ್ನೂ ಕಷ್ಟದ ಕೆಲಸ ಉಳಿದಿತ್ತು. ಅದು ಗುಬ್ಬಿ.

ಗುಬ್ಬಿ ಎಂದರೆ ಮೇಡಂ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಗ್ರಂಥಾಲಯದ ಏಣಿಯ ಮೇಲೆಯೇ ಕುಳಿತು ಓದುವ ಅಭ್ಯಾಸದಿಂದ ಆ ಹೆಸರು. ನಾಲ್ಕು ವರ್ಷದ ಶ್ರಮ, ಪ್ರಬಂಧ ಒಪ್ಪಿಸಲು ಇನ್ನು ಮೂರು ವಾರ. ಬೇರೆ ಊರಿನ ಕಾಲೇಜೊಂದರಲ್ಲಿ ಕೆಲಸ ಕಾದಿತ್ತು, ಪದವಿ ಕೈಗೆ ಬರಲಿ ಎಂದು. ಅವಳ ಮೂರನೇ ಅಧ್ಯಾಯ, ಐವತ್ತೆಂಟು ಪುಟ, ಪೂರ್ತಿ ನಿಂತದ್ದು ಅಡಿಟಿಪ್ಪಣಿ ಮೂವತ್ತೊಂದರ ಮೇಲೆ.

ಮೇಡಂ ಪೆಟ್ಟಿಗೆಯಿಂದ ತಂದ ಹಾಳೆಯನ್ನು ಅವಳ ಮುಂದಿಟ್ಟರು. ಗುಬ್ಬಿ ಓದಿದಳು. ಕಿವಿಯ ತುದಿ ಕೆಂಪಾಯಿತು.

"ನಾಲ್ಕು ವರ್ಷ ಮೂಲ ನೋಡಿದ್ಯಾ, ಮೂಲ ನೋಡಿದ್ಯಾ ಅಂತ ನನ್ನ ಜೀವ ತಿಂದ್ರಿ ಮೇಡಂ."

"ತಿಂದೆ."

"ಒಂದು ಚುಕ್ಕಿ ಬಿಟ್ಟಿದ್ದಕ್ಕೆ ಎರಡನೇ ಅಧ್ಯಾಯ ವಾಪಸ್ ಎಸೆದ್ರಿ."

"ಎಸೆದೆ."

"ನೀವು ನೋಡಿರಲಿಲ್ಲ."

"ನೋಡಿರಲಿಲ್ಲ."

ಹೀಗೆ ಬೈಸಿಕೊಳ್ಳುವವರನ್ನು ಬೈಯುವುದಾದರೂ ಹೇಗೆ? ಗುಬ್ಬಿ ಎದ್ದು ಕಿಟಕಿಯ ಬಳಿ ಹೋದಳು, ವಾಪಸು ಬಂದಳು. "ನನ್ನ ಕೆಲಸ ಹೋಗತ್ತೆ. ಇದನ್ನ ಮತ್ತೆ ಬರೆಯೋಕೆ ಆರು ತಿಂಗಳು ಬೇಕು, ಯಾರು ಕಾಯ್ತಾರೆ?"

"ಆ ಕಾಲೇಜಿಗೆ ನಾನೇ ಬರೀತೀನಿ. ತಪ್ಪು ನಿನ್ನದಲ್ಲ, ನಂದು ಅಂತ."

"ನಂದೂ ಹೌದು," ಎಂದಳು ಗುಬ್ಬಿ ಸಿಟ್ಟಿನಲ್ಲೇ. "ಉಳಿದ ಮುನ್ನೂರು ಟಿಪ್ಪಣಿಗೂ ಮೂಲ ನೋಡಿದೀನಿ. ಇದೊಂದು ಬಿಟ್ಟೆ."

"ಇದೊಂದನ್ನ ಯಾಕೆ ಬಿಟ್ಟೆ?"

"ನಿಮ್ಮದು ಅಂತ."

ಗೋಡೆಯ ಪಟದ ಕಡೆ ಮೇಡಂ ಕಣ್ಣು ಹೋಯಿತು. ನನಗೆ ನನ್ನ ಗುರುಗಳು, ಇವಳಿಗೆ ನಾನು. ನಂಬಿಕೆ ಅನ್ನುವುದು ಎಂಥ ದೊಡ್ಡ ಸಂಪತ್ತು, ಅದನ್ನು ಕೈಯಿಂದ ಕೈಗೆ ದಾಟಿಸುವಾಗ ಒಳಗೇನಿದೆ ಎಂದು ಬಿಚ್ಚಿ ನೋಡುವುದಕ್ಕೂ ನಾಚಿಕೊಳ್ಳುತ್ತೇವಲ್ಲ ಅನ್ನಿಸಿತು. ಗುಬ್ಬಿ ಹಾಳೆಯನ್ನು ಅಲ್ಲೇ ಬಿಟ್ಟು, ಬಾಗಿಲು ಎಳೆದುಕೊಂಡು ಹೋದಳು. ಬಾಗಿಲು ಎಂದಿನ ಹಾಗೆ ಪೂರ್ತಿ ಮುಚ್ಚಲಿಲ್ಲ.

ಆ ಮಧ್ಯಾಹ್ನವೇ ಮೇಡಂ, ಲೇಖನ ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೆ ಬರೆಯಲು ಕುಳಿತರು. ಇಪ್ಪತ್ತೇಳು ವರ್ಷದಲ್ಲಿ ಸಾವಿರಾರು ಪುಟ ಬರೆದ ಕೈಗೆ ನಾಲ್ಕು ಸಾಲು ಬರೆಯುವುದು ಇಷ್ಟು ಭಾರವಾಗಬಹುದೆಂದು ಗೊತ್ತಿರಲಿಲ್ಲ. ಮೊದಲ ಸಲ ಬರೆದಾಗ ಗುರುಗಳ ಪುಸ್ತಕದ ಹೆಸರು ಬಂತು; ಹೊಡೆದು ಹಾಕಿದರು. ಎರಡನೆಯ ಸಲ 'ಅಚಾತುರ್ಯದಿಂದ' ಎಂಬ ಮಾತು ಬಂತು; ಅದನ್ನೂ ಹೊಡೆದು ಹಾಕಿದರು. ಕೊನೆಗೆ ಉಳಿದದ್ದು ಇಷ್ಟು:

'ನನ್ನ ಲೇಖನದ ಅಡಿಟಿಪ್ಪಣಿ ಮೂವತ್ತೊಂದರಲ್ಲಿ ಸಮಿತಿಯು ವಿನಾಯಿತಿಯನ್ನು ಒಪ್ಪಿತೆಂದು ಬರೆದಿದ್ದೇನೆ. ಅದು ತಪ್ಪು. ಸಮಿತಿ ಒಮ್ಮತಕ್ಕೆ ಬರಲಿಲ್ಲ. ಬರೆಯುವಾಗ ನಾನು ಮೂಲ ವರದಿಯನ್ನು ನೋಡಿರಲಿಲ್ಲ.'

ಕಳಿಸಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದರು. ಹಾಗೇನೂ ಆಗಲಿಲ್ಲ. ಸುಸ್ತು ಸುಸ್ತಾಗಿಯೇ ಇತ್ತು. ಆದರೆ ಆ ಸಂಜೆ ಬಸ್ಸು ಬಂದಾಗ ಹತ್ತಿದರು, ಸೀಟು ಸಿಕ್ಕಿತು, ಇಳಿಯುವ ನಿಲ್ದಾಣದವರೆಗೂ ಕಣ್ಣು ಮುಚ್ಚಿದರು.

ಮರುದಿನ ಗ್ರಂಥಪಾಲರನ್ನು ಕಂಡು, ಆ ಪೆಟ್ಟಿಗೆಯನ್ನು ರದ್ದಿಯ ಪಟ್ಟಿಯಿಂದ ತೆಗೆಸಿದರು.

ತಿದ್ದುಪಡಿ ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ, ಚಂದಾದಾರರಿಗೆ ಸೂಚನೆ ಎಂಬುದರ ಕೆಳಗೆ ಅಚ್ಚಾಯಿತು. ಅರವತ್ತೆರಡು ಜನರಲ್ಲಿ ಇಬ್ಬರು ಪತ್ರ ಬರೆದರು. ಒಬ್ಬರು ವಂದನೆ ಹೇಳಿದರು. ಇನ್ನೊಬ್ಬರು, ಇಷ್ಟು ವರ್ಷದ ಮೇಲೆ ಇದೆಲ್ಲ ಬೇಕಿತ್ತೇ ಎಂದು ಕೇಳಿದರು. ವಿಭಾಗದ ಸಭೆಯಲ್ಲಿ ಯಾರೋ ಕೆಮ್ಮಿ ಮಾತು ಬದಲಿಸಿದರು. ವ್ಯಾಜ್ಯ ಬೇರೆ ವಾದದ ಮೇಲೆ ಮುಂದುವರಿಯಿತು, ಇನ್ನೂ ಮುಗಿದಿರಲಿಲ್ಲ.

"ಎಷ್ಟು ಜನ ಬಂದರು?" ಎಂದು ಅತ್ತೆ ಕೇಳಿದರು.

"ಇಬ್ಬರು."

"ನನಗೆ ಮೂರು," ಎಂದು ಅತ್ತೆ ಸ್ವಲ್ಪ ಜಂಬದಿಂದಲೇ ಹೇಳಿದರು.

ಗುಬ್ಬಿ ಆರು ತಿಂಗಳು ಮುಖ ತೋರಿಸಲಿಲ್ಲ. ಕಾಲೇಜಿನವರು ಮೇಡಂ ಪತ್ರ ಓದಿ, ಒಂದು ವರ್ಷ ಕಾಯುತ್ತೇವೆ, ಅದಕ್ಕೆ ಮೇಲೆ ಒಂದು ದಿನವೂ ಇಲ್ಲ ಎಂದಿದ್ದರು. ಅದನ್ನು ತಿಳಿಸಿದರೂ ಉತ್ತರವಿಲ್ಲ. ಗ್ರಂಥಪಾಲರು ಮಾತ್ರ ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ, "ನಿಮ್ಮ ಪೆಟ್ಟಿಗೆಗೆ ಈಗ ಗಿರಾಕಿ ಬಂದಿದೆ ಮೇಡಂ. ದಿನಾ ಬೆಳಿಗ್ಗೆ ಬಂದು ಏಣಿ ಮೇಲೆ ಕೂತುಬಿಡತ್ತೆ" ಎಂದರು. ಆ ದಿನ ಮೆಟ್ಟಿಲು ಹತ್ತುವಾಗ ಮೇಡಂ ಎಂದಿನ ಹಾಗೆ ದಣಿವಾರಿಸಿಕೊಳ್ಳಲು ಎರಡನೇ ಮಹಡಿಯಲ್ಲಿ ನಿಲ್ಲಲಿಲ್ಲ.

ಏಳನೆಯ ತಿಂಗಳಿನ ಒಂದು ಬೆಳಿಗ್ಗೆ ಗುಬ್ಬಿ ಬಂದಳು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ; ಮೂರನೇ ಅಧ್ಯಾಯವನ್ನು ಮೇಜಿನ ಮೇಲಿಟ್ಟಳು. ಮೇಡಂ ಎಂದಿನಂತೆ ಮೊದಲು ಅಡಿಯ ಸಣ್ಣಕ್ಷರಕ್ಕೇ ಹೋದರು. ಸಮಿತಿ ಒಪ್ಪಲಿಲ್ಲ ಎಂದೇ ಅಧ್ಯಾಯ ಶುರುವಾಗುತ್ತಿತ್ತು. ನಡುವೆ ಆ ಇನ್ನೂರ ಹದಿನಾಲ್ಕು ಜನರ ಕೋರಿಕೆ ಪತ್ರ ಪೂರ್ತಿ ಇತ್ತು. ಬರೆಯಲು ಬಾರದವರ ಸಾಲಿನ ಮುಂದೆಲ್ಲ 'ಹೆಬ್ಬೆಟ್ಟು' ಎಂದು ಟೈಪು ಮಾಡಿದ್ದನ್ನೂ ಅವಳು ಬಿಟ್ಟಿರಲಿಲ್ಲ, ಎಷ್ಟು ಹೆಬ್ಬೆಟ್ಟು ಎಂದು ಎಣಿಸಿದ್ದಳು: ನೂರ ಅರವತ್ತೊಂಬತ್ತು. ಕೇಳಿದವರಿಗೆ ಉತ್ತರ ಕೊಡದೆ ಇದ್ದವರು, ನಲವತ್ತು ವರ್ಷದ ಮೇಲೆ ಅದೇ ನಿಯಮವನ್ನು ಅವರ ಮೇಲೆ ಹೇರುವುದು ನ್ಯಾಯವೇ ಎಂಬುದು ಅವಳ ಪ್ರಶ್ನೆ. ಗೆಲ್ಲುವ ವಾದವೋ ಅಲ್ಲವೋ, ನಿಲ್ಲುವ ವಾದ.

ಮೇಡಂ ಒಂದೊಂದೇ ಹಾಳೆ ತಿರುಗಿಸಿದರು. ಗುಬ್ಬಿ ಉಗುರು ಕಚ್ಚುತ್ತ ಕುಳಿತಿದ್ದಳು.

"ಒಂದು ಕಡೆ ಖಾಲಿ ಬಿಟ್ಟಿದೀಯ," ಎಂದರು ಮೇಡಂ.

"ಅದು ನಿಮ್ಮ ತಿದ್ದುಪಡಿ ಮೇಡಂ. ಉಲ್ಲೇಖಿಸಬೇಕು, ಪುಟದ ಸಂಖ್ಯೆ ಸಿಗಲಿಲ್ಲ. ಎಷ್ಟನೇ ಪುಟ?"

ಸಂಖ್ಯೆ ಮೇಡಂ ನಾಲಿಗೆಯ ತುದಿಯಲ್ಲೇ ಇತ್ತು. ಹಾಳೆಗಳನ್ನು ಜೋಡಿಸಿ, ಅಂಚು ತಟ್ಟಿ ಸಮ ಮಾಡಿ, ಅವಳ ಕಡೆಗೆ ತಳ್ಳಿದರು.

"ನನ್ನನ್ನ ಕೇಳಬೇಡ," ಎಂದರು. "ಹೋಗಿ ನೋಡಿಕೊಂಡು ಬಾ."